ಎರಡು ಸೋಲಾದ ಮೇಲೂ ಪ್ಲೇಆಫ್ ಉಂಟೇ? ಅಯೋವಾದ ಸಣ್ಣ ಕಾಲೇಜೊಂದರ ಫುಟ್‌ಬಾಲ್ ಲೆಕ್ಕ

ಪ್ರಶ್ನೆ: ನಾವು ಮೂಲತಃ ಶಿವಮೊಗ್ಗದ ಕಡೆಯವರು, ಈಗ ಮಿನ್ನಿಯಾಪೊಲಿಸ್ ಹತ್ತಿರ ಇದ್ದೇವೆ. ಮಗ ಅಯೋವಾದ ಒಂದು ಸಣ್ಣ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ, ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಆಟಗಾರ. ಅವರದು ಅಮೆರಿಕನ್ ರಿವರ್ಸ್ ಕಾನ್ಫರೆನ್ಸ್ (ತಮ್ಮೊಳಗೆ ಲೀಗ್ ಆಡುವ ಕಾಲೇಜುಗಳ ಗುಂಪು). ಏಳು ಪಂದ್ಯ ಮುಗಿದಿವೆ, ಐದು ಗೆದ್ದು ಎರಡು ಸೋತಿದ್ದಾರೆ. ಒಂದು ಸೋಲು ಸೆಪ್ಟೆಂಬರ್‌ನಲ್ಲಿ ವಿಸ್ಕಾನ್ಸಿನ್‌ನ ಬಲಿಷ್ಠ ತಂಡದ ಎದುರು, ಇನ್ನೊಂದು ಕಾನ್ಫರೆನ್ಸಿನ ಮೊದಲ ಸ್ಥಾನದ ತಂಡದ ಎದುರು. ಸ್ಟ್ಯಾಂಡ್‌ನಲ್ಲಿ ಕೂತರೆ ಒಬ್ಬೊಬ್ಬರದು ಒಂದೊಂದು ಮಾತು. ‘ಎರಡು ಸೋಲಾಯ್ತು, ಕಥೆ ಮುಗೀತು’ ಅನ್ನುವವರಿದ್ದಾರೆ. ‘ಉಳಿದ ಮೂರನ್ನು ಐವತ್ತು ಪಾಯಿಂಟ್ ಅಂತರದಲ್ಲಿ ಗೆಲ್ಲಬೇಕು’ ಎಂದು ಕೆಲವರು, ‘ಹೇಗಾಡಿದರೂ ಹೆಸರಿರುವ ಕಾಲೇಜನ್ನೇ ಕರೀತಾರೆ’ ಎಂದು ಮತ್ತೆ ಕೆಲವರು. ನಮ್ಮ ಮಿನ್ನೆಸೋಟದಲ್ಲಿ ಸದಾ ಗೆಲ್ಲುತ್ತಿದ್ದ ಕಾಲೇಜನ್ನು ಕಾನ್ಫರೆನ್ಸಿನಿಂದಲೇ ಹೊರಹಾಕಿದರಂತೆ, ಇಲ್ಲೂ ಹಾಗಾಗಬಹುದೇ? ಡಿಸೆಂಬರ್ 18ಕ್ಕೆ ಬೆಂಗಳೂರಿನಲ್ಲಿ ನಮ್ಮ ತಾಯಿಯ ಎಂಬತ್ತನೇ ಹುಟ್ಟುಹಬ್ಬ. 13ನೇ ತಾರೀಖಿಗೆ ಮೂವರಿಗೂ ಟಿಕೆಟ್ ತೆಗೆಯಲೇ, ಬೇಡವೇ?

ಉತ್ತರ: ಕಥೆ ಮುಗಿದಿಲ್ಲ. ಟಿಕೆಟ್ಟನ್ನೂ ತೆಗೆಯಬಹುದು, ಆದರೆ ಮೂವರಿಗೂ ಒಂದೇ ಬಗೆಯದು ಬೇಡ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಸ್ಟ್ಯಾಂಡ್‌ನ ವಾದ. ಅಲ್ಲಿ ಎಲ್ಲರೂ ನವೆಂಬರ್ ಬಗ್ಗೆ ಮಾತಾಡುತ್ತಾರೆ. ನಿಮ್ಮ ಮಗನ ತಂಡದ ಹಣೆಬರಹದಲ್ಲಿ ದೊಡ್ಡ ಪಾಲು ಸೆಪ್ಟೆಂಬರ್‌ನ ಎರಡು ಶನಿವಾರಗಳಲ್ಲೇ ಬರೆದಾಗಿದೆ, ಅದರಲ್ಲೂ ಸ್ವಲ್ಪವನ್ನು ಬೇರೆ ಕಾಲೇಜುಗಳು ಬರೆದಿವೆ.

ಈ ಆಟ ಅಷ್ಟಾಗಿ ಗೊತ್ತಿಲ್ಲದವರಿಗೆ ಎರಡು ಮಾತು. ನಿಮ್ಮ ಮಗ ಆಡುವುದು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಡಿವಿಷನ್ 3ರಲ್ಲಿ. ಇಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಓದಿನ ಅಂಕ ಮತ್ತು ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ. ಟಿವಿಯಲ್ಲಿ ಕಾಣುವ ಲಕ್ಷ ಜನರ ಕ್ರೀಡಾಂಗಣದ ಕಾಲೇಜುಗಳು ಡಿವಿಷನ್ 1ರವು, ಅದರ ನಿಯಮ ಯಾವುದನ್ನೂ ಇಲ್ಲಿಗೆ ತಂದು ಹಚ್ಚಬೇಡಿ. ಸ್ಟ್ಯಾಂಡ್‌ನಲ್ಲಿ ಅರ್ಧ ಗೊಂದಲ ಹುಟ್ಟುವುದೇ ಹಾಗೆ.

ನಿಮ್ಮ ಕಾನ್ಫರೆನ್ಸಿನಲ್ಲಿ ಒಂಬತ್ತು ತಂಡಗಳು: ವಾರ್ಟ್‌ಬರ್ಗ್, ಸೆಂಟ್ರಲ್, ಕೋ, ಲೂಥರ್, ಲೋರಾಸ್, ಡುಬ್ಯೂಕ್, ಸಿಂಪ್ಸನ್, ಬ್ಯೂನಾ ವಿಸ್ಟಾ, ಜೊತೆಗೆ ಪಕ್ಕದ ನೆಬ್ರಾಸ್ಕಾದಿಂದ ನೆಬ್ರಾಸ್ಕಾ ವೆಸ್ಲಿಯನ್. 2018ರವರೆಗೆ ಇದರ ಹೆಸರು ಅಯೋವಾ ಕಾನ್ಫರೆನ್ಸ್ ಎಂದಿತ್ತು. ಒಂಬತ್ತು ಬೆಸ ಸಂಖ್ಯೆಯಾದ್ದರಿಂದ ಪ್ರತಿ ವಾರ ಒಂದು ತಂಡಕ್ಕೆ ರಜೆ. ಒಳಗಿನ ಎಂಟು ಪಂದ್ಯ ಮುಗಿಯಲು ಒಂಬತ್ತು ವಾರ ಬೇಕು, ಹೊರಗಿನವರ ಜೊತೆ ಎರಡು ಪಂದ್ಯ. ಒಟ್ಟು ಹನ್ನೊಂದು ವಾರ, ಹತ್ತು ಆಟ.

ಪ್ಲೇಆಫ್‌ಗೆ ಎರಡು ಬಾಗಿಲಿವೆ. ಮೊದಲನೆಯದು ನೇರ ಪ್ರವೇಶ: ಕಾನ್ಫರೆನ್ಸ್ ಗೆದ್ದ ತಂಡಕ್ಕೆ ತಾನಾಗಿ ಸಿಗುವ ಜಾಗ. ನಿಮ್ಮವರು ಒಳಗೆ ಸೋತಿರುವುದು ಒಂದೇ ಪಂದ್ಯ, ಅದೂ ಮೊದಲ ಸ್ಥಾನದವರ ಎದುರು. ಆ ತಂಡ ಒಂದು ಸೋತರೆ ಇಬ್ಬರೂ ಸಮ ಆಗುತ್ತಾರೆ. ‘ಸಮ ಆದರೆ ಜಂಟಿ ಚಾಂಪಿಯನ್ ಅಲ್ಲವೇ?’ ಎಂದು ಯಾರಾದರೂ ಕೇಳಿದರೆ, ಹೌದು, ಟ್ರೋಫಿ ಇಬ್ಬರಿಗೂ. ನೇರ ಪ್ರವೇಶ ಮಾತ್ರ ಒಬ್ಬರಿಗೇ, ಮುಖಾಮುಖಿಯಲ್ಲಿ ಗೆದ್ದವರಿಗೆ. ಹಾಗಾಗಿ ಅವರು ಒಂದು ಸೋತರೆ ನಿಮಗೆ ಸಾಲದು, ಎರಡು ಸೋಲಬೇಕು. ಇಲ್ಲವೇ ಮೂರನೆಯ ತಂಡವೂ ಸೇರಿ ಮುಕ್ಕೋನ ಟೈ ಆಗಬೇಕು: ಅ ತಂಡ ಆ ತಂಡವನ್ನು, ಆ ತಂಡ ಇ ತಂಡವನ್ನು, ಇ ತಂಡ ಮತ್ತೆ ಅ ತಂಡವನ್ನು ಸೋಲಿಸಿದಾಗ ಆಗುವಂಥದ್ದು. ಅದನ್ನು ಬಿಡಿಸುವ ಕ್ರಮವನ್ನು ಪ್ರತಿ ಕಾನ್ಫರೆನ್ಸೂ ತನ್ನದೇ ನಿಯಮಪುಸ್ತಕದಲ್ಲಿ ಬರೆದುಕೊಂಡಿರುತ್ತದೆ. ಪಕ್ಕದ ಕಾನ್ಫರೆನ್ಸಿನ ಕ್ರಮ ಹಿಡಿದು ವಾದಿಸುವವರ ಮಾತಿಗೆ ಕಿವಿಗೊಡಬೇಡಿ.

ಮೂರು ವಾರದಲ್ಲಿ ಮೊದಲ ಸ್ಥಾನದವರು ಎರಡು ಸೋಲುವುದು ನೆಚ್ಚಿಕೊಳ್ಳುವಂಥ ಮಾತಲ್ಲ. ಆದ್ದರಿಂದ ಎರಡನೇ ಬಾಗಿಲು ನೋಡೋಣ: ಚಾಂಪಿಯನ್ ಅಲ್ಲದ ತಂಡಗಳಿಗೆ ಮೀಸಲಾದ ಜಾಗಗಳು, ಅಮೆರಿಕನ್ನರು ‘ಆ್ಯಟ್-ಲಾರ್ಜ್’ ಎನ್ನುವುದು. ‘ಎರಡು ಸೋಲು ಅಂದರೆ ಮುಗೀತು’ ಎಂಬ ಮಾತು ಹುಟ್ಟಿದ್ದು ಇಲ್ಲಿ, ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 1973ರಲ್ಲಿ ಡಿವಿಷನ್ 3 ಪ್ಲೇಆಫ್ ಶುರುವಾದಾಗ ಇದ್ದದ್ದು ನಾಲ್ಕೇ ತಂಡ. 2005ರಿಂದ 32. ಕಾನ್ಫರೆನ್ಸುಗಳು ಹೆಚ್ಚಿದಂತೆ ನೇರ ಪ್ರವೇಶದವರೇ ಜಾಗ ತುಂಬಿ, ಉಳಿದವರಿಗೆ ಬೆರಳೆಣಿಕೆಯಷ್ಟು ಉಳಿಯುತ್ತಿತ್ತು. ಒಂದೇ ಒಂದು ಸೋಲಿನವರೂ ಮನೆಯಲ್ಲಿ ಕೂತದ್ದುಂಟು. 2024ರಲ್ಲಿ ತಂಡಗಳ ಸಂಖ್ಯೆ 40ಕ್ಕೆ ಏರಿತು. ಆ ಎಂಟು ಹೊಸ ಜಾಗಗಳ ಲಾಭ ಆಗಿದ್ದು ಈ ಎರಡನೇ ಬಾಗಿಲಿಗೆ. ಹತ್ತಿಪ್ಪತ್ತು ವರ್ಷದಿಂದ ಆಟ ನೋಡುತ್ತಿರುವ ಹಿರಿಯರು ಹಳೇ ಅಳತೆಯಲ್ಲೇ ಮಾತಾಡುತ್ತಿದ್ದಾರೆ, ಅಷ್ಟೇ.

ಅದೇ 2024ರಲ್ಲಿ ಇನ್ನೊಂದು ಬದಲಾವಣೆ ಬಂತು, ನಿಮಗೆ ಅದೇ ಮುಖ್ಯ. ಅದಕ್ಕೆ ಮುಂಚೆ ಸಮಿತಿಯೊಂದು ಪ್ರಾದೇಶಿಕ ಪಟ್ಟಿಗಳನ್ನು ಮುಂದಿಟ್ಟುಕೊಂಡು ಚರ್ಚಿಸಿ ಆರಿಸುತ್ತಿತ್ತು. ‘ಹೆಸರಿರುವ ಕಾಲೇಜನ್ನೇ ಕರೀತಾರೆ’ ಎಂಬ ಗುಮಾನಿ ಆ ಕಾಲದ್ದು. ಈಗ ಎನ್‌ಪಿಐ ಎಂಬ ಅಂಕ ಬಂದಿದೆ. ಗೆಲುವು, ಸೋಲು, ಎದುರಾಳಿಯ ಬಲ ಇವಿಷ್ಟನ್ನು ಕಂಪ್ಯೂಟರಿಗೆ ಉಣಿಸಿದರೆ ತಂಡಗಳ ಪಟ್ಟಿ ಬರುತ್ತದೆ. ನೇರ ಪ್ರವೇಶದವರನ್ನು ಬದಿಗಿಟ್ಟು, ಉಳಿದವರನ್ನು ಆ ಪಟ್ಟಿಯ ಮೇಲಿನಿಂದ ಎತ್ತಿಕೊಳ್ಳುತ್ತಾರೆ. ಯಾರ ಶೋಕೇಸಿನಲ್ಲಿ ಎಷ್ಟು ಕಪ್ ಇದೆ ಎಂದು ಯಂತ್ರ ಕೇಳುವುದಿಲ್ಲ. ಹದಿಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಓಹಾಯೋದ ಮೌಂಟ್ ಯೂನಿಯನ್ ಕೂಡ ಆ ಲೆಕ್ಕದಲ್ಲಿ ಒಂದು ಅಂಕಿ.

ಇನ್ನು ‘ಐವತ್ತು ಪಾಯಿಂಟ್ ಅಂತರ’. ಇದು ನಮ್ಮವರಿಗೆ ಥಟ್ಟನೆ ನಿಜ ಅನ್ನಿಸುವ ಸುಳ್ಳು. ಐಪಿಎಲ್ ನೋಡಿ ರೂಢಿಯಾದವರಿಗೆ ನೆಟ್ ರನ್‌ರೇಟ್ ರಕ್ತದಲ್ಲೇ ಇದೆ. 2024ರ ಮೇನಲ್ಲಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈಯನ್ನು ಬರೀ ಸೋಲಿಸಿದರೆ ಸಾಲದು, 18 ರನ್ನಿನಿಂದ ಸೋಲಿಸಬೇಕು ಎಂದು ಇಡೀ ಊರು ಕ್ಯಾಲ್ಕುಲೇಟರ್ ಹಿಡಿದು ಕೂತಿತ್ತಲ್ಲ, 27 ರನ್ನಿನಿಂದ ಗೆದ್ದರು. ಎನ್‌ಪಿಐನಲ್ಲಿ ಗೆಲುವಿನ ಅಂತರಕ್ಕೆ ಜಾಗವೇ ಇಲ್ಲ. 14-13ರ ಗೆಲುವು, 63-0ರ ಗೆಲುವು ಎರಡೂ ಒಂದೇ. ಮೂರನೇ ಕ್ವಾರ್ಟರ್‌ನಲ್ಲಿ 35 ಪಾಯಿಂಟ್ ಮುಂದಿರುವಾಗ ಕೋಚ್ ನಿಮ್ಮ ಮಗನನ್ನು ಕೂರಿಸಿ ಮೊದಲ ವರ್ಷದ ಹುಡುಗನನ್ನು ಇಳಿಸಿದರೆ ಅದು ಸೋಮಾರಿತನವಲ್ಲ. ಆ ಹೊತ್ತಿನಲ್ಲಿ ಮೊಣಕಾಲು ತಿರುಚಿಕೊಳ್ಳುವುದರಿಂದ ಯಾರಿಗೂ ಒಂದು ಅಂಕವೂ ದಕ್ಕುವುದಿಲ್ಲ.

ಹಾಗಾದರೆ ಅಂಕ ಎಲ್ಲಿಂದ ಬರುತ್ತದೆ? ಪ್ರತಿ ಪಂದ್ಯಕ್ಕೂ ಒಂದು ಮೌಲ್ಯ. ಅದರಲ್ಲಿ ಒಂದು ಪಾಲು ಫಲಿತಾಂಶಕ್ಕೆ, ಒಂದು ಪಾಲು ಎದುರಾಳಿಯ ಎನ್‌ಪಿಐಗೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಆಯಾ ಕ್ರೀಡೆಯ ಸಮಿತಿ ನಿಗದಿ ಮಾಡುತ್ತದೆ. ಅರ್ಥ ಮಾಡಿಕೊಳ್ಳಲು 20 ಮತ್ತು 80 ಎಂದು ಹಿಡಿಯಿರಿ. ಗೆದ್ದರೆ 20 ಪೂರ್ತಿ, ಸೋತರೆ ಸೊನ್ನೆ. ಅದಕ್ಕೆ ಎದುರಾಳಿಯ ಅಂಕದ ಶೇ. 80 ಸೇರಿಸಿ. ಬಲವಾದ ತಂಡವನ್ನು ಸೋಲಿಸಿದರೆ ಮೇಲೊಂದಿಷ್ಟು ಬೋನಸ್ ಇದೆ, ಸದ್ಯ ಅದನ್ನು ಬಿಡೋಣ.

ನಿಮ್ಮವರ ಒಂಬತ್ತು ಪಂದ್ಯದ ಸರಾಸರಿ 56 ಇದೆ ಅಂದುಕೊಳ್ಳಿ. ಹತ್ತನೆಯ ಪಂದ್ಯವನ್ನು 65 ಅಂಕದ ವಿಸ್ಕಾನ್ಸಿನ್ ತಂಡದ ಜೊತೆ ಆಡಿ ಗೆದ್ದರೆ ಆ ಪಂದ್ಯದ ಮೌಲ್ಯ 72, ಸರಾಸರಿ 57.6ಕ್ಕೆ ಏರುತ್ತದೆ. ಸೋತರೆ ಮೌಲ್ಯ 52, ಸರಾಸರಿ 55.6. ಅಂದರೆ ಗೆದ್ದರೆ 1.6 ಲಾಭ, ಸೋತರೆ 0.4 ನಷ್ಟ. ಈಗ ಅದೇ ಜಾಗದಲ್ಲಿ 38 ಅಂಕದ ಬಡಪಾಯಿ ತಂಡ ಇಡಿ. ಗೆದ್ದರೆ ಮೌಲ್ಯ 50.4, ಗೆದ್ದೂ ಸರಾಸರಿ ಇಳಿಯಬೇಕಿತ್ತು. ಅದು ಅನ್ಯಾಯವೆಂದೇ ಒಂದು ನಿಯಮ ಇದೆ: ನಿಗದಿತ ಕನಿಷ್ಠ ಸಂಖ್ಯೆಯ ಗೆಲುವುಗಳನ್ನು ಎಣಿಸಿದ ಮೇಲೆ, ಸರಾಸರಿಯನ್ನು ಕೆಳಗೆಳೆಯುವ ಗೆಲುವನ್ನು ಕೈಬಿಡುತ್ತಾರೆ. ಹಾಗೆ ಕೈಬಿಟ್ಟರೆ 56ಕ್ಕೆ 56. ಸೋತರೋ, ಮೌಲ್ಯ 30.4, ಸರಾಸರಿ 53.4. ಗೆದ್ದರೆ ಏನೂ ಇಲ್ಲ, ಸೋತರೆ 2.6 ಹೋಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ಟ್ಯಾಂಡ್‌ನಲ್ಲಿ ‘ಸೆಪ್ಟೆಂಬರ್‌ನಲ್ಲಿ ವಿಸ್ಕಾನ್ಸಿನ್‌ನವರ ಸಹವಾಸ ಯಾಕೆ ಬೇಕಿತ್ತು’ ಎಂದು ಕೋಚನ್ನು ಬೈಯುವವರು ಲೆಕ್ಕ ತಿರುವುಮುರುವು ಮಾಡುತ್ತಿದ್ದಾರೆ. ಆ ಸೋಲು ನಿಮಗೆ ಹೆಚ್ಚೇನೂ ತೊಂದರೆ ಕೊಟ್ಟಿಲ್ಲ. ಮುಂದಿನ ಮೂರರಲ್ಲಿ ಪಟ್ಟಿಯ ತಳದಲ್ಲಿರುವ ತಂಡದ ಜೊತೆ ಪಂದ್ಯ ಇದ್ದರೆ ಭಯ ಪಡಬೇಕಾದ್ದು ಅದಕ್ಕೆ. ಮಳೆ, ಮಂಜು, ಒದ್ದೆ ಚೆಂಡು, ಎರಡು ಫಂಬಲ್ (ಕೈಜಾರಿದ ಚೆಂಡು), ಗಾಳಿಗೆ ಪಕ್ಕಕ್ಕೆ ಸರಿದ ಒಂದು ಫೀಲ್ಡ್ ಗೋಲ್: ನವೆಂಬರ್‌ನ ಅಯೋವಾದಲ್ಲಿ ಕೊನೆಯ ಸ್ಥಾನದವರು ಗೆಲ್ಲಲು ಇಷ್ಟು ಸಾಕು. ಅಲ್ಲಿ ಎಡವಿದರೆ ಮೂರನೇ ಸೋಲು, ಎರಡನೇ ಬಾಗಿಲೂ ಮುಚ್ಚಿದಂತೆಯೇ.

ಕೋಚ್‌ಗೂ ಆಯ್ಕೆ ಸುಲಭವಲ್ಲ ಅನ್ನಿ. ಹೊರಗಿನ ಎರಡು ಪಂದ್ಯಕ್ಕೆ ಬಲವಾದವರನ್ನು ಕರೆದರೆ ಅಂಕ ಸಿಗುತ್ತದೆ, ಆದರೆ ಕಾನ್ಫರೆನ್ಸ್ ಶುರುವಾಗುವ ಮುಂಚೆಯೇ ಇಬ್ಬರು ಮುಖ್ಯ ಹುಡುಗರು ಗಾಯಗೊಂಡು ಕೂರಬಹುದು. ಸುಲಭದವರನ್ನು ಕರೆದರೆ ಆತ್ಮವಿಶ್ವಾಸ ಬರುತ್ತದೆ, ಅಂಕ ಬರುವುದಿಲ್ಲ. ಇನ್ನೊಂದು ಗುಂಡಿಯಿದೆ: ಅಯೋವಾದಲ್ಲೇ ಗ್ರ್ಯಾಂಡ್ ವ್ಯೂ, ಮಾರ್ನಿಂಗ್‌ಸೈಡ್‌ನಂಥ ಒಳ್ಳೆಯ ತಂಡಗಳಿವೆ, ಹತ್ತಿರ, ಬಸ್ಸಿನ ಖರ್ಚೂ ಕಡಿಮೆ. ಅವು ಎನ್‌ಎಐಎ ಎಂಬ ಬೇರೆ ಸಂಸ್ಥೆಗೆ ಸೇರಿದವು. ಡಿವಿಷನ್ 3ರ ಹೊರಗಿನವರ ಜೊತೆ ಆಡಿದ್ದು ಎನ್‌ಪಿಐಗೆ ಬರುವುದೇ ಇಲ್ಲ, ಗೆದ್ದರೂ ಸೋತರೂ.

ಇಲ್ಲಿಗೆ ಸೆಪ್ಟೆಂಬರ್‌ನ ಮಾತಿಗೆ ಬರೋಣ. ಒಂಬತ್ತು ತಂಡ ಪರಸ್ಪರ ಆಡಿದರೆ 36 ಪಂದ್ಯ, 36 ಗೆಲುವು, 36 ಸೋಲು. ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗೆ. ಅಣ್ಣ ತಮ್ಮನಿಗೆ ಸಾಲ ಕೊಟ್ಟರೆ ಮನೆಯ ಆಸ್ತಿ ಬೆಳೆಯುವುದಿಲ್ಲವಲ್ಲ, ಹಾಗೆ. ಕಾನ್ಫರೆನ್ಸಿನ ಒಟ್ಟು ಬಲ ಹೊರಗಿನಿಂದ ಬರುವುದು ತಲಾ ಎರಡರಂತೆ ಹದಿನೆಂಟು ಪಂದ್ಯಗಳಿಂದ ಮಾತ್ರ. ಆ ಹದಿನೆಂಟರಲ್ಲಿ ನಿಮ್ಮ ಕಾನ್ಫರೆನ್ಸ್ ಹನ್ನೆರಡು ಗೆದ್ದಿದ್ದರೆ, ತಳದ ತಂಡದ ಅಂಕವೂ ಮರ್ಯಾದಸ್ಥವಾಗಿರುತ್ತದೆ, ಅವರನ್ನು ಸೋಲಿಸಿದ ನಿಮಗೂ ಅದರ ಫಲ. ಆರೇ ಗೆದ್ದಿದ್ದರೆ ಅಕ್ಟೋಬರ್‌ನಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಒಳಗೊಳಗೇ ತಿರುಗುತ್ತೀರಿ.

ಆದ್ದರಿಂದ ಈ ವಾರ ಕೂತು ಮಾಡಬೇಕಾದ ಕೆಲಸ ಇಷ್ಟು. ಕಾನ್ಫರೆನ್ಸಿನ ಒಂಬತ್ತೂ ತಂಡಗಳ ಮೊದಲ ಎರಡು ಹೊರ ಪಂದ್ಯದ ಫಲಿತಾಂಶ ಬರೆದುಕೊಳ್ಳಿ. ನಿಮ್ಮನ್ನು ಸೋಲಿಸಿದ ವಿಸ್ಕಾನ್ಸಿನ್ ತಂಡ, ನೀವು ಗೆದ್ದ ಇನ್ನೊಂದು ಹೊರಗಿನ ತಂಡ, ಇವೆರಡೂ ಈಗ ಹೇಗಾಡುತ್ತಿವೆ ನೋಡಿ. ಅವರ ಅಂಕ ವಾರವಾರವೂ ಬದಲಾಗುತ್ತದೆ, ಅದರ ಜೊತೆ ನಿಮ್ಮದೂ. ನಿಮ್ಮನ್ನು ಸೋಲಿಸಿದವರೇ ಗೆಲ್ಲುತ್ತಾ ಹೋಗಲಿ ಎಂದು ನೀವು ಹರಸಬೇಕಾದ ವಿಚಿತ್ರ ಪರಿಸ್ಥಿತಿ ಇದು. ಎನ್‌ಸಿಎಎ ತಾನೇ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ ನೋಡಬೇಕಾದ್ದು ನಿಮ್ಮ ಸ್ಥಾನವನ್ನಷ್ಟೇ ಅಲ್ಲ, ನಿಮಗಿಂತ ಮೇಲಿರುವವರಲ್ಲಿ ಎಷ್ಟು ಜನ ತಮ್ಮ ಕಾನ್ಫರೆನ್ಸ್ ಗೆಲ್ಲುವವರಿದ್ದಾರೆ ಎಂದು. ಅವರು ಮೊದಲ ಬಾಗಿಲಿನಿಂದ ಹೋಗುತ್ತಾರೆ, ನಿಮಗೆ ಪೈಪೋಟಿಯಲ್ಲ. ಕೊನೆಯ ಶನಿವಾರ ಹಾಗೊಬ್ಬ ಬಲಿಷ್ಠ ಎಡವಿ ಟೈಟಲ್ ಕಳೆದುಕೊಂಡರೆ, ಆ ಕಾನ್ಫರೆನ್ಸಿನಿಂದ ಇನ್ಯಾರೋ ನೇರ ಪ್ರವೇಶ ಪಡೆದು, ಎಡವಿದವರು ನಿಮ್ಮ ಸಾಲಿಗೆ ಬಂದು ನಿಲ್ಲುತ್ತಾರೆ. ಒಂದು ಜಾಗ ಹೋಯಿತು. ಅಂಚಿನಲ್ಲಿರುವ ತಂಡಗಳ ಆಸೆ ಹೆಚ್ಚಾಗಿ ಮುರಿಯುವುದು ಹೀಗೆ, ಎಲ್ಲೋ ಪೆನ್ಸಿಲ್ವೇನಿಯಾದಲ್ಲಿ ಯಾರೋ ಸೋತು.

ಮಿನ್ನೆಸೋಟದ ಕಥೆ ನಿಜ. 2017ರಲ್ಲಿ ಸೇಂಟ್ ಥಾಮಸ್, ಸೇಂಟ್ ಓಲಾಫ್ ಕಾಲೇಜನ್ನು 97-0ಯಿಂದ ಸೋಲಿಸಿತು. 2019ರ ಮೇನಲ್ಲಿ ಮಿನ್ನೆಸೋಟ ಕಾನ್ಫರೆನ್ಸ್, 1920ರಲ್ಲಿ ತನ್ನನ್ನು ಕಟ್ಟಿದವರಲ್ಲಿ ಒಂದಾದ ಸೇಂಟ್ ಥಾಮಸನ್ನು ‘ಸ್ಪರ್ಧೆಯಲ್ಲಿ ಸಮಬಲ ಇಲ್ಲ’ ಎಂಬ ಕಾರಣ ಕೊಟ್ಟು ಹೊರಗೆ ಕಳಿಸಿತು. ಅವರು 2021ರಲ್ಲಿ ನೇರವಾಗಿ ಡಿವಿಷನ್ 1ಕ್ಕೇ ಜಿಗಿದರು. ಆ ಒಂದು ಸ್ಕೋರೇ ಕಾರಣ ಎಂದು ಜನ ಹೇಳುವುದು ಅರ್ಧ ಸತ್ಯ. ಸುಮಾರು ಆರು ಸಾವಿರ ಪದವಿ ವಿದ್ಯಾರ್ಥಿಗಳ ಕಾಲೇಜು, ಎರಡು ಮೂರು ಸಾವಿರದವುಗಳ ನಡುವೆ ನಿಂತಿತ್ತು. ಫುಟ್‌ಬಾಲ್ ಅಷ್ಟೇ ಅಲ್ಲ, ಬಹಳಷ್ಟು ಆಟಗಳಲ್ಲಿ ಅವರದೇ ಮೇಲುಗೈ.

ನಿಮ್ಮಲ್ಲಿ ಹಾಗಾಗುವ ಲಕ್ಷಣ ನನಗೆ ಕಾಣುವುದಿಲ್ಲ. ವಾರ್ಟ್‌ಬರ್ಗ್ 2022 ಮತ್ತು 2023ರಲ್ಲಿ ಸತತವಾಗಿ ರಾಷ್ಟ್ರೀಯ ಸೆಮಿಫೈನಲ್‌ವರೆಗೆ ಹೋಯಿತು, ನಿಜ. ಆದರೆ ನಿಮ್ಮ ಒಂಬತ್ತೂ ಕಾಲೇಜು ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ, ಸಾವಿರದಿಂದ ಎರಡು ಸಾವಿರದ ಆಸುಪಾಸು. ಇಲ್ಲಿನ ಅಂತರ ಹುಟ್ಟುವುದು ಬೇರೆ ಕಡೆ, ತಂಡದ ಪಟ್ಟಿಯ ಉದ್ದದಲ್ಲಿ. ಸ್ಕಾಲರ್‌ಶಿಪ್ ಮಿತಿ ಇಲ್ಲದ್ದರಿಂದ ಎಷ್ಟು ಹುಡುಗರನ್ನಾದರೂ ಸೇರಿಸಿಕೊಳ್ಳಬಹುದು. ಸಣ್ಣ ಖಾಸಗಿ ಕಾಲೇಜಿಗೆ ನೂರು ಆಟಗಾರರು ಎಂದರೆ ಫೀಸು ಕಟ್ಟುವ ನೂರು ವಿದ್ಯಾರ್ಥಿಗಳು. ಒಂದು ಕಡೆ 140 ಹುಡುಗರು, ಇನ್ನೊಂದು ಕಡೆ 70 ಎಂದಿಟ್ಟುಕೊಳ್ಳಿ. ಮೊದಲ ಹನ್ನೊಂದು ಜನರಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಅಕ್ಟೋಬರ್ ಕೊನೆಗೆ, ಸಣ್ಣ ತಂಡದ ಮುಂದಿನ ಸಾಲಿನ ಮೂವರು ಆಟಗಾರರು (ಲೈನ್‌ಮನ್‌ಗಳು) ಕುಂಟುವಾಗ, ಅವರ ಜಾಗಕ್ಕೆ ಬರುವ ಹುಡುಗ ಇಪ್ಪತ್ತು ಕಿಲೋ ಹಗುರ. ಸ್ಕೋರ್‌ಬೋರ್ಡ್ ಹರಿದುಹೋಗುವುದು ಆಗ.

ಹೆಸರಿಗೆ ಬೆಲೆ ಇಲ್ಲ ಎಂದೆ, ಸಮಿತಿಗೆ ಕೆಲಸವೇ ಇಲ್ಲ ಎಂದಲ್ಲ. ಒಳಗೆ ಬಂದವರಲ್ಲಿ ಯಾರು ಯಾರ ಜೊತೆ, ಯಾರ ಮೈದಾನದಲ್ಲಿ ಎಂದು ಜೋಡಿಸುವುದು ಅವರೇ. ಅದರಲ್ಲಿ ದುಡ್ಡಿನ ಮಾತು ಬರುತ್ತದೆ. ವಿಮಾನದ ಖರ್ಚು ಉಳಿಸಲು ಆರಂಭದ ಸುತ್ತುಗಳಲ್ಲಿ ಆದಷ್ಟು ಬಸ್ಸಿನ ದೂರದಲ್ಲೇ, ಸುಮಾರು 500 ಮೈಲಿಯೊಳಗೆ, ಜೋಡಿ ಮಾಡುತ್ತಾರೆ. ಟೆಕ್ಸಾಸ್‌ನ ಹಾರ್ಡಿನ್-ಸಿಮ್ಮನ್ಸ್, ಮೇರಿ ಹಾರ್ಡಿನ್-ಬೇಲರ್ ತಂಡಗಳು ಒಂದೇ ಕಾನ್ಫರೆನ್ಸಿನವಾಗಿದ್ದೂ, ಅಕ್ಕಪಕ್ಕ ಬೇರೆ ಯಾರೂ ಇಲ್ಲದ್ದಕ್ಕೆ ಪ್ಲೇಆಫ್‌ನ ಮೊದಲ ಸುತ್ತಲ್ಲೇ ಮತ್ತೆ ಹೊಡೆದಾಡಿದ್ದುಂಟು. ಅಯೋವಾದ ತೊಂದರೆ ತದ್ವಿರುದ್ಧ. ಬಸ್ಸಿನ ದೂರದಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್, ಶಿಕಾಗೋ ಪಕ್ಕದ ನಾರ್ತ್ ಸೆಂಟ್ರಲ್, ಮಿನ್ನೆಸೋಟದ ಸೇಂಟ್ ಜಾನ್ಸ್ ಎಲ್ಲ ಇದ್ದಾರೆ. ಎರಡನೇ ಬಾಗಿಲಿನಿಂದ ಹೋದವರಿಗೆ ಇಂಥವರ ಮನೆಯಂಗಳದಲ್ಲೇ ಆಡುವ ಯೋಗ ಬರುವುದು ಹೆಚ್ಚು.

ಈಗ ಟಿಕೆಟ್. 2024ರ ಕ್ರಮ ಹೀಗಿತ್ತು: ನವೆಂಬರ್ 16ಕ್ಕೆ ಲೀಗ್ ಮುಗಿದು ಮರುದಿನ ಭಾನುವಾರ ಪಟ್ಟಿ ಪ್ರಕಟ. 23ಕ್ಕೆ ಮೊದಲ ಸುತ್ತು, ಅದರಲ್ಲಿ ಹದಿನಾರು ತಂಡ ಮಾತ್ರ, ಉಳಿದ 24ಕ್ಕೆ ಬೈ, ಅಂದರೆ ಆಡದೆಯೇ ಎರಡನೇ ಸುತ್ತು. 30ಕ್ಕೆ ಎರಡನೆಯದು, ಡಿಸೆಂಬರ್ 7ಕ್ಕೆ ಮೂರನೆಯದು, 14ಕ್ಕೆ ಕ್ವಾರ್ಟರ್‌ಫೈನಲ್, 21ಕ್ಕೆ ಸೆಮಿ. ಫೈನಲ್ ಆಗಿದ್ದು ಜನವರಿ 5ಕ್ಕೆ, ಹ್ಯೂಸ್ಟನ್‌ನಲ್ಲಿ. ತಾರೀಖು ವರ್ಷಕ್ಕೆ ಒಂದೆರಡು ದಿನ ಆಚೀಚೆ ಆಗುತ್ತದೆ, ವಾರಗಳ ಸಾಲು ಇದೇ. ನಿಮ್ಮ 13ರ ವಿಮಾನಕ್ಕೆ ಅಡ್ಡಿ ಬರಬೇಕಾದರೆ ಮಗನ ತಂಡ ದೇಶದ ಕೊನೆಯ ಎಂಟರಲ್ಲಿ ಇರಬೇಕು. ಬೈ ಸಿಕ್ಕರೆ ಎರಡು, ಇಲ್ಲದಿದ್ದರೆ ಮೂರು ಪಂದ್ಯ, ಹೆಚ್ಚಾಗಿ ಹೊರ ಮೈದಾನಗಳಲ್ಲಿ ಗೆದ್ದ ಮೇಲೆ. ಅಸಾಧ್ಯವಲ್ಲ, ಆದರೆ ಅದಕ್ಕಾಗಿ ಅಜ್ಜಿಯ ಎಂಬತ್ತನ್ನು ತೂಗುಯ್ಯಾಲೆಗೆ ಹಾಕಬೇಡಿ. ನಿಮ್ಮಿಬ್ಬರಿಗೆ ಮಾಮೂಲಿ ಟಿಕೆಟ್ ಈಗಲೇ ತೆಗೆಯಿರಿ. ಮಗನದನ್ನು ಬೇರೆ ಬುಕಿಂಗ್ ಆಗಿ, ದಿನ ಬದಲಿಸಬಹುದಾದ ದರದಲ್ಲಿ ತೆಗೆಯಿರಿ. ಮೂವರದು ಒಂದೇ ಪಿಎನ್ಆರ್ ಆದರೆ ಒಬ್ಬನದನ್ನು ಬೇರ್ಪಡಿಸಿ ಬದಲಿಸುವುದು ತಲೆನೋವು.

ಪ್ಲೇಆಫ್‌ಗೆ ಒಯ್ಯುವ ಆಟಗಾರರ ಸಂಖ್ಯೆಗೆ ಮಿತಿ ಇದೆ. ಎರಡನೇ ವರ್ಷದ ಹುಡುಗ ಆ ಪಟ್ಟಿಯಲ್ಲಿ ಇರುತ್ತಾನೋ ಇಲ್ಲವೋ ಎಂದು ಕೋಚ್ ಬಳಿ ಅವನೇ ಕೇಳಲಿ, ನೀವು ಕೇಳಬೇಡಿ. ಕಾಲೇಜಿನ ಸೀಸನ್ ಪಾಸ್ ಆ ಪಂದ್ಯಗಳಿಗೆ ನಡೆಯುವುದಿಲ್ಲ, ಅಲ್ಲಿನ ಟಿಕೆಟ್ ಎನ್‌ಸಿಎಎಯದು. ಪಟ್ಟಿ ಬರುವ ಭಾನುವಾರದಿಂದ ಮೊದಲ ಸುತ್ತಿನ ಶನಿವಾರಕ್ಕೆ ಆರೇ ದಿನ, ಅಷ್ಟರೊಳಗೆ ಎದುರಾಳಿಯ ಊರಿನಲ್ಲಿ ಹೋಟೆಲ್ ಹುಡುಕಬೇಕು. ಸಣ್ಣ ಊರುಗಳಲ್ಲಿ ಇರುವುದೇ ಎರಡು ಮೂರು. ಹೆಸರು ಬಂದ ಕೂಡಲೇ ರದ್ದು ಮಾಡಬಹುದಾದ ರೂಮು ಹಿಡಿದಿಟ್ಟು, ಆಮೇಲೆ ಮಗನಿಗೆ ಫೋನ್ ಮಾಡಿ.